ಟೋಕಿಯೋದಲ್ಲಿ ಅಗ್ಗದ ಹೋಟೆಲ್: ಕೆಲಸ ಗೆದ್ದು ಬರುವವರಿಗೆ 13 ಸೂತ್ರಗಳು

ಕಂಪನಿ ನಿಮ್ಮನ್ನು ಎರಡು ವಾರದ ಟ್ರೇನಿಂಗ್‌ಗೆ ಟೋಕಿಯೋಗೆ ಕಳಿಸುತ್ತಿದೆ. ಅಥವಾ ಯೂನಿವರ್ಸಿಟಿಯಿಂದ ಇಂಟರ್‌ವ್ಯೂ ಕರೆ ಬಂದಿದೆ. ಅಥವಾ ನಿಮ್ಮದೇ ಸ್ಟಾರ್ಟಪ್‌ನ ಡೆಮೊ ತೋರಿಸಲು ಹೊರಟಿದ್ದೀರಿ. ಶಭಾಷ್! ಇನ್ನು ಉಳಿಯುವುದೆಲ್ಲಿ?

'ಜಪಾನ್ ದುಬಾರಿಯಪ್ಪಾ, ನಮ್ಮಂಥವರಿಗಲ್ಲ' ಅನ್ನುವುದು ಯಾರೋ ಹೇಳಿದ್ದನ್ನು ಕೇಳಿ ಕೇಳಿ ಅಂಟಿಕೊಂಡ ಅಭ್ಯಾಸ. ಇವತ್ತೇ ಬಿಡಿ. ಹೌದು, 2024ರಲ್ಲಿ ಸುಮಾರು 3.7 ಕೋಟಿ ವಿದೇಶಿಯರು ಜಪಾನಿಗೆ ಬಂದರು, ಟೋಕಿಯೋ ಹೋಟೆಲ್ ದರಗಳೂ ಏರಿವೆ. ಆದರೂ ಪ್ಲಾನ್ ಮಾಡಿದವರಿಗೆ ರೂಮು ಸಿಗುತ್ತದೆ. ಜಾಗಕ್ಕೆ ಮತ್ತು ನಿದ್ದೆಗೆ ದುಡ್ಡು ಹಾಕಿ, ಮಿಕ್ಕಿದ್ದರಲ್ಲಿ ಕೈ ಬಿಗಿ ಹಿಡಿಯಿರಿ. ಕೆಳಗಿನ ಸೂತ್ರಗಳೆಲ್ಲ ಇದೇ ಲೆಕ್ಕದ ಮೇಲೆ ನಿಂತಿವೆ.

1. ಬಿಸಿನೆಸ್ ಹೋಟೆಲ್ ಹಿಡಿಯಿರಿ

ಸ್ಟಾರ್ ಹೋಟೆಲಿನ ಆಸೆ ಬೇಡ, ಕಂಡು ಕೇಳದ ಲಾಡ್ಜಿನ ರಿಸ್ಕೂ ಬೇಡ. ಊರೂರು ತಿರುಗುವ ಕಂಪನಿ ನೌಕರರಿಗಾಗಿಯೇ ಜಪಾನಿನಲ್ಲಿ ಬೆಳೆದದ್ದು ಬಿಸಿನೆಸ್ ಹೋಟೆಲ್. ಬ್ಯಾಗ್ ಹೊರುವವರು ಇರುವುದಿಲ್ಲ, ರೂಮ್ ಸರ್ವೀಸ್ ಇರುವುದಿಲ್ಲ, ಟಿಪ್ಸ್ ಕೊಡುವ ಪದ್ಧತಿಯೂ ಇಲ್ಲ. ಶುಭ್ರವಾದ ಬೆಡ್, ಬಿಸಿನೀರು, ವೈಫೈ, ಒಂದು ಮೇಜು, ಒಂದು ಕೆಟಲ್ ಇರುತ್ತವೆ. ಗೆಲ್ಲಲು ಬಂದವರಿಗೆ ಇಷ್ಟು ಸಾಕು.

ತೊಯೊಕೊ ಇನ್, ಅಪಾ, ಡಾರ್ಮಿ ಇನ್, ಸೂಪರ್ ಹೋಟೆಲ್, ರೂಟ್ ಇನ್: ಈ ಹೆಸರುಗಳನ್ನು ನೋಟ್ ಮಾಡಿಕೊಳ್ಳಿ. ತೊಯೊಕೊ ಇನ್ 1986ರಲ್ಲಿ ಟೋಕಿಯೋದ ಕಮಾಟಾದಲ್ಲಿ ಶುರುವಾದದ್ದು. ಅಲ್ಲಿ ಬೆಳಗಿನ ತಿಂಡಿ ಬಾಡಿಗೆಯಲ್ಲೇ ಸೇರಿರುತ್ತದೆ. ಚೈನ್ ಹೋಟೆಲಿನ ದೊಡ್ಡ ಲಾಭವೆಂದರೆ ಒಂದು ರೂಮು ನೋಡಿದರೆ ಹೆಚ್ಚುಕಡಿಮೆ ಎಲ್ಲ ರೂಮನ್ನೂ ನೋಡಿದಂತೆ. ಇಂಟರ್‌ವ್ಯೂ ಹಿಂದಿನ ರಾತ್ರಿ ನಿಮಗೆ ಯಾವ ಸರ್ಪ್ರೈಸೂ ಬೇಡ.

2. ಬಾಡಿಗೆ ನೋಡುವ ಮುಂಚೆ ರೈಲು ಲೈನ್ ನೋಡಿ

ಎಲ್ಲರೂ ಮಾಡುವ ತಪ್ಪು ಗೊತ್ತೇ? ಆ್ಯಪ್ ತೆರೆದು 'ಕಡಿಮೆ ಬೆಲೆ ಮೊದಲು' ಎಂದು ಒತ್ತುವುದು. ನೀವು ಮೊದಲು ಮ್ಯಾಪ್ ತೆರೆಯಿರಿ. ನಿಮ್ಮ ಆಫೀಸೋ ಕ್ಯಾಂಪಸ್ಸೋ ಯಾವ ಸ್ಟೇಷನ್ ಹತ್ತಿರ ಇದೆ, ಅಲ್ಲಿಗೆ ರೈಲು ಬದಲಿಸದೆ ತಲುಪಿಸುವ ಲೈನ್ ಯಾವುದು, ಬರೆದಿಟ್ಟುಕೊಳ್ಳಿ. ಆ ಲೈನ್ ಮೇಲಿರುವ, ಹೆಚ್ಚು ಹೆಸರಿಲ್ಲದ ಸ್ಟೇಷನ್‌ನಲ್ಲಿ ಹೋಟೆಲ್ ಹುಡುಕಿ. ಶಿಂಜುಕು, ಶಿಬುಯಾ, ಗಿಂಜಾದಲ್ಲಿ ಬಾಡಿಗೆಯ ಜತೆಗೆ ಹೆಸರಿಗೂ ದುಡ್ಡು ಕೊಡುತ್ತೀರಿ.

ಕೆಲವು ಏರಿಯಾಗಳನ್ನು ನೇರವಾಗಿಯೇ ಹೇಳುತ್ತೇನೆ. ಊರಿನ ನಡುಭಾಗವನ್ನು ಸುತ್ತುವ ಯಮನೊತೆ ಲೈನಿನಲ್ಲಿ 30 ಸ್ಟೇಷನ್‌ಗಳಿವೆ, ಪೂರ್ತಿ ಸುತ್ತಿಗೆ ಸುಮಾರು ಒಂದು ಗಂಟೆ. ಅದರ ಮೇಲೆ ಉಯೆನೊ, ಒಕಾಚಿಮಾಚಿ, ಒತ್ಸುಕಾ ನೋಡಿ. ಏರ್‌ಪೋರ್ಟ್ ಓಡಾಟ ಹೆಚ್ಚಿದ್ದರೆ ತೊಯೇ ಅಸಾಕುಸಾ ಲೈನಿನ ಅಸಾಕುಸಾಬಾಶಿ, ಕುರಾಮಾಯೆ ಸ್ಟೇಷನ್‌ಗಳ ಸುತ್ತ ಹುಡುಕಿ. ಆ ಲೈನಿನಲ್ಲಿ ಹನೇಡಾಗೂ ನರಿತಾಗೂ ನೇರ ಹೋಗುವ ರೈಲುಗಳು ಓಡುತ್ತವೆ. ಸೂಟ್‌ಕೇಸ್ ಎಳೆದುಕೊಂಡು ಒಂದು ಮೆಟ್ಟಿಲು ಸಾಲು ಹತ್ತಿ ನೋಡಿ, ರೈಲು ಬದಲಿಸದಿರುವುದರ ಬೆಲೆ ಗೊತ್ತಾಗುತ್ತದೆ.

ಕಮಾಟಾ ಹನೇಡಾಗೆ ಹತ್ತಿರ, ಬಾಡಿಗೆಯೂ ಮಿತ. ಆದರೆ ಹುಷಾರು: ಜೆಆರ್ ಕಮಾಟಾ ಸ್ಟೇಷನ್ ಬೇರೆ, ಕೇಕ್ಯು ಕಮಾಟಾ ಸ್ಟೇಷನ್ ಬೇರೆ, ನಡುವೆ ಹತ್ತು ನಿಮಿಷಕ್ಕೂ ಹೆಚ್ಚಿನ ನಡಿಗೆ. ಇನ್ನು ಊರಿನ ತಿಂಡಿ, ಬೇಳೆ, ಮಸಾಲೆ ಕೈಗೆಟುಕುವಂತೆ ಇರಬೇಕೆನ್ನುವವರು ಎಡೊಗಾವಾ ವಾರ್ಡಿನ ನಿಶಿ-ಕಸಾಯ್ ನೋಡಬಹುದು. 2000ದ ಸುಮಾರಿನಿಂದ ಭಾರತದ ಐಟಿ ಎಂಜಿನಿಯರ್‌ಗಳು ನೆಲೆಸಿದ ಜಾಗ ಅದು. ಅಲ್ಲಿಂದ ತೊಜಾಯ್ ಲೈನಿನಲ್ಲಿ ಓತೆಮಾಚಿಯ ಆಫೀಸುಗಳಿಗೆ 15-20 ನಿಮಿಷ.

ತೀರಾ ಕೈ ಬಿಗಿಯಿದ್ದರೆ ಮಿನಾಮಿ-ಸೆಂಜು ಇದೆ. ಹಿಂದೆ ದಿನಗೂಲಿ ಕಾರ್ಮಿಕರು ತಂಗುತ್ತಿದ್ದ ಸಾನ್ಯಾ ಪ್ರದೇಶದ ಕೆಲವು ವಸತಿಗಳು ಈಗ ಬ್ಯಾಕ್‌ಪ್ಯಾಕರ್‌ಗಳ ತಾಣ. ಮೂರು ಚಾಪೆಯಗಲದ ರೂಮು, ಬಾತ್‌ರೂಮು ಎಲ್ಲರಿಗೂ ಸೇರಿದ್ದು. ಹಿಬಿಯಾ ಲೈನ್ ಹತ್ತಿದರೆ ಅಕಿಹಬಾರಾ, ಗಿಂಜಾ ನೇರ. ಸ್ಟೂಡೆಂಟ್ ಬಜೆಟ್‌ಗೆ ನಾನಂತೂ ಇದನ್ನು ಕೈಬಿಡುವುದಿಲ್ಲ.

3. 'ಸ್ಟೇಷನ್‌ಗೆ 5 ನಿಮಿಷ' ಅಂದರೆ ಲೆಕ್ಕ ಕೇಳಿ

ಜಪಾನಿನ ರಿಯಲ್ ಎಸ್ಟೇಟ್ ಜಾಹೀರಾತಿನಲ್ಲಿ ನಡಿಗೆಯ ಒಂದು ನಿಮಿಷವೆಂದರೆ 80 ಮೀಟರ್. ಸಿಗ್ನಲ್‌ನಲ್ಲಿ ಕಾಯುವ ಹೊತ್ತು ಅದರಲ್ಲಿ ಸೇರಿಲ್ಲ. ಹೋಟೆಲ್ ಹೇಳುವ ನಿಮಿಷಗಳನ್ನೂ ಹೀಗೇ ಓದಿ, ಲಗೇಜ್ ಇದ್ದರೆ ಒಂದೂವರೆ ಪಟ್ಟು ಮಾಡಿ. ಯಾವ ಎಕ್ಸಿಟ್‌ನಿಂದ 5 ನಿಮಿಷ ಎನ್ನುವುದನ್ನು ಮೊದಲೇ ಬರೆದುಕೊಳ್ಳಿ. ಶಿಂಜುಕು ಸ್ಟೇಷನ್‌ಗೆ 200ಕ್ಕೂ ಹೆಚ್ಚು ಎಕ್ಸಿಟ್‌ಗಳಿವೆ. ತಪ್ಪು ಬಾಗಿಲಲ್ಲಿ ಹೊರಬಿದ್ದರೆ ಹೋಟೆಲ್ ಇನ್ನೊಂದು ದಿಕ್ಕಿನಲ್ಲಿ ಉಳಿಯುತ್ತದೆ. ಲಿಫ್ಟ್ ಇರುವ ಎಕ್ಸಿಟ್ ಯಾವುದೆಂದೂ ನೋಡಿ. ಎಲ್ಲ ಎಕ್ಸಿಟ್‌ಗಳಲ್ಲೂ ಲಿಫ್ಟ್ ಇರುವುದಿಲ್ಲ.

4. ಜಪಾನಿನ ಕ್ಯಾಲೆಂಡರ್ ಓದಿ

ಅದೇ ರೂಮು, ಅದೇ ಬೆಡ್. ದಿನ ಬದಲಾದರೆ ಬಾಡಿಗೆ ದುಪ್ಪಟ್ಟಾಗಬಹುದು. ಚೆರ್ರಿ ಹೂವಿನ ಮಾರ್ಚ್ ಕೊನೆ-ಏಪ್ರಿಲ್ ಆರಂಭ, ಏಪ್ರಿಲ್ 29ರಿಂದ ಮೇ 5ರ ಆಸುಪಾಸಿನ ಗೋಲ್ಡನ್ ವೀಕ್ ರಜೆ, ಆಗಸ್ಟ್ ನಡುವಿನ ಓಬೋನ್ ಹಬ್ಬ, ಹೊಸ ವರ್ಷ: ಈ ನಾಲ್ಕನ್ನೂ ಸಾಧ್ಯವಾದಷ್ಟು ತಪ್ಪಿಸಿ. ವಾರದಲ್ಲಿ ಶನಿವಾರ ರಾತ್ರಿ ದುಬಾರಿ, ಭಾನುವಾರ ರಾತ್ರಿ ಇಳಿಯುತ್ತದೆ. ಸೋಮವಾರ ಮೀಟಿಂಗ್ ಇದ್ದರೆ ಭಾನುವಾರ ಮಧ್ಯಾಹ್ನ ಇಳಿಯುವಂತೆ ಟಿಕೆಟ್ ಮಾಡಿ.

ಫೆಬ್ರವರಿಯನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಿ. ಅದು ಅಲ್ಲಿನ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯ ಕಾಲ. ಬೇರೆ ಊರುಗಳಿಂದ ಬರುವ ಹುಡುಗ ಹುಡುಗಿಯರು ಬಿಸಿನೆಸ್ ಹೋಟೆಲ್‌ಗಳಲ್ಲೇ ತಂಗಿ ಓದುತ್ತಾರೆ. ಅವರಿಗೆಂದೇ ಹೋಟೆಲ್‌ಗಳು ಪ್ರತ್ಯೇಕ ಪ್ಲಾನ್ ಮಾಡುತ್ತವೆ. ಕ್ಯಾಂಪಸ್ ಸುತ್ತಲಿನ ರೂಮು ಬೇಗ ಖಾಲಿಯಾಗುತ್ತದೆ. ನೀವು ಅವರಿಗಿಂತ ಮುಂಚೆ ಬುಕ್ ಮಾಡಿ.

5. ಫ್ರೀ ಕ್ಯಾನ್ಸಲೇಶನ್ ಇರುವುದನ್ನೇ ಬುಕ್ ಮಾಡಿ

ದಿನಾಂಕ ಗೊತ್ತಾದ ದಿನವೇ ಬುಕ್ ಮಾಡಿಬಿಡಿ. ಜಪಾನ್ ವೀಸಾ ಅರ್ಜಿಯ ಪ್ರವಾಸ ವೇಳಾಪಟ್ಟಿಯಲ್ಲಿ ಉಳಿಯುವ ಜಾಗದ ವಿವರ ಕೇಳುತ್ತಾರೆ. ಈ ಬುಕಿಂಗ್ ಅಲ್ಲಿಗೂ ಆಗುತ್ತದೆ. ಆಮೇಲೆ ವಾರಕ್ಕೊಮ್ಮೆ ದರ ನೋಡಿ. ಇಳಿದಿದ್ದರೆ ಹೊಸದು ಮಾಡಿ, ಹಳೆಯದು ಬಿಡಿ. ಆದರೆ ಬೇಡದ ರೂಮನ್ನು ಗಡುವಿನೊಳಗೆ ಕ್ಯಾನ್ಸಲ್ ಮಾಡಿ. ಹೇಳದೆ ಕೇಳದೆ ಗೈರಾದರೆ ಪೂರ್ತಿ ಬಾಡಿಗೆ ಕಟ್ ಆಗಬಹುದು. ಹೆಸರು ಕೆಡುವುದು ಬೇರೆ.

6. ದರದ ಕೆಳಗಿನ ಸಣ್ಣಕ್ಷರ ಓದಿ

ನಾಲ್ಕು ವಿಷಯ ಚೆಕ್ ಮಾಡಿ. ಒಂದು, ದರ ರೂಮಿಗೋ ತಲೆಗೋ? ಜಪಾನಿ ಸೈಟ್‌ಗಳಲ್ಲಿ ಎಷ್ಟೋ ಸಲ ತಲೆಗೆ ಹೇಳಿರುತ್ತಾರೆ. ಎರಡು, ಸ್ಮೋಕಿಂಗ್ ರೂಮೋ ನಾನ್-ಸ್ಮೋಕಿಂಗೋ? ಪಟ್ಟಿಯಲ್ಲಿ ಎಲ್ಲಕ್ಕಿಂತ ಕಡಿಮೆ ದರ ಕಂಡರೆ ಅದು ಸ್ಮೋಕಿಂಗ್ ರೂಮಾಗಿರಬಹುದು. ನಿಮ್ಮ ಇಂಟರ್‌ವ್ಯೂ ಕೋಟಿಗೆ ಹೊಗೆ ವಾಸನೆ ಹತ್ತಿದರೆ ಉಳಿಸಿದ 500 ಯೆನ್ ಯಾವ ಲೆಕ್ಕ? ಮೂರು, 'ಸೆಮಿ-ಡಬಲ್' ಬೆಡ್‌ನ ಅಗಲ ಸಾಮಾನ್ಯವಾಗಿ 120 ಸೆಂ.ಮೀ. 'ಇಬ್ಬರಿಗೆ' ಎಂದು ಬರೆದಿದ್ದರೂ ಒಬ್ಬರಿಗೇ ತೆಗೆದುಕೊಳ್ಳಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆ ಟೋಕಿಯೋದಲ್ಲಿ ಸೆಂಟಿಮೀಟರ್ ಲೆಕ್ಕದಲ್ಲಿ ಸತ್ಯ. ನಾಲ್ಕು, ಟ್ಯಾಕ್ಸ್. ಟೋಕಿಯೋ 2002ರಿಂದ ವಸತಿ ತೆರಿಗೆ ಹಾಕುತ್ತಿದೆ. ಈಗಿನ ದರದಂತೆ ಒಬ್ಬರಿಗೆ ಒಂದು ರಾತ್ರಿಗೆ 10,000 ಯೆನ್ ಒಳಗಿದ್ದರೆ ತೆರಿಗೆ ಇಲ್ಲ, ಮೇಲಾದರೆ 100 ಅಥವಾ 200 ಯೆನ್.

10,000 ಯೆನ್ ಎಂದರೆ ನಮ್ಮ ಆರು ಸಾವಿರ ರೂಪಾಯಿಯ ಆಸುಪಾಸು. ಒಳ್ಳೆಯ ಲೈನಿನಲ್ಲಿ, ಚೈನ್ ಹೋಟೆಲಿನಲ್ಲಿ, ಅದರೊಳಗೆ ರೂಮು ಸಿಕ್ಕರೆ ಯೋಚಿಸುತ್ತ ಕೂರಬೇಡಿ.

7. ರೂಮು ಚಿಕ್ಕದೆಂದು ಗೊಣಗಬೇಡಿ

11 ಚದರ ಮೀಟರ್, ಅಂದರೆ ಸುಮಾರು 120 ಚದರ ಅಡಿ. ಅದರಲ್ಲೇ ಬಾತ್‌ರೂಮೂ ಬಂತು. ಬೆಂಗಳೂರಿನ ಪಿಜಿಯಲ್ಲಿ ಇದ್ದು ಬಂದವರಿಗೆ ಇದೇನು ಹೊಸದಲ್ಲ. ಕೀ ಕಾರ್ಡನ್ನು ಬಾಗಿಲ ಪಕ್ಕದ ಸ್ಲಾಟ್‌ಗೆ ಹಾಕಿದರೆ ದೀಪ ಹತ್ತುತ್ತದೆ. ಸೂಟ್‌ಕೇಸ್ ಬೆಡ್ ಕೆಳಗೆ ತಳ್ಳಿ, ಶರ್ಟನ್ನು ಗೋಡೆಯ ಹ್ಯಾಂಗರ್‌ಗೆ ಹಾಕಿ, ಲ್ಯಾಪ್‌ಟಾಪ್ ಮೇಜಿನ ಮೇಲಿಡಿ. ಐದು ನಿಮಿಷದಲ್ಲಿ ಆಫೀಸ್ ರೆಡಿ. ಬಾತ್‌ರೂಮನ್ನೂ ಸ್ವಲ್ಪ ಗೌರವದಿಂದ ನೋಡಿ: ನೆಲ, ಗೋಡೆ, ಟಬ್ ಎಲ್ಲ ಫ್ಯಾಕ್ಟರಿಯಲ್ಲೇ ಮಾಡಿ ತಂದು ಕೂರಿಸುವ ಈ 'ಯೂನಿಟ್ ಬಾತ್' 1964ರ ಟೋಕಿಯೋ ಒಲಿಂಪಿಕ್ಸ್‌ಗೆ ಹೋಟೆಲ್ ನ್ಯೂ ಒಟಾನಿಯನ್ನು ಗಡಿಬಿಡಿಯಲ್ಲಿ ಕಟ್ಟಿ ಮುಗಿಸಬೇಕಾದಾಗ ಟೊಟೊ ಕಂಪನಿ ಮಾಡಿಕೊಟ್ಟ ಉಪಾಯ. ಡೆಡ್‌ಲೈನ್ ಅಂದರೆ ಹೆದರುವವರು ಆ ಟಬ್ಬಿನಲ್ಲಿ ಕೂತು ಒಂದು ನಿಮಿಷ ಯೋಚಿಸಲಿ.

8. ಕ್ಯಾಪ್ಸುಲ್ ಒಂದೇ ರಾತ್ರಿಗೆ

ಮಲಗಲಷ್ಟೇ ಜಾಗವಿರುವ ಕ್ಯಾಪ್ಸುಲ್ ಹೋಟೆಲ್ ಮೊದಲು ಬಂದದ್ದು ಒಸಾಕಾದಲ್ಲಿ, 1979ರಲ್ಲಿ. ವಿನ್ಯಾಸ ವಾಸ್ತುಶಿಲ್ಪಿ ಕಿಶೊ ಕುರೊಕಾವಾ ಅವರದು. 2009ರಲ್ಲಿ ಕ್ಯೋಟೋದಲ್ಲಿ ಶುರುವಾದ 'ನೈನ್ ಅವರ್ಸ್' ಚೈನ್‌ನ ಹೆಸರಲ್ಲೇ ಟೈಮ್ ಮ್ಯಾನೇಜ್‌ಮೆಂಟ್ ಇದೆ: ಸ್ನಾನಕ್ಕೆ ಒಂದು ಗಂಟೆ, ನಿದ್ದೆಗೆ ಏಳು, ತಯಾರಾಗಲು ಒಂದು.

ಬೆಳಗಿನ ಜಾವದ ಫ್ಲೈಟ್‌ಗೆ ಮುಂಚಿನ ರಾತ್ರಿಗೆ ಇದು ಸರಿ. ಎರಡು ವಾರದ ಟ್ರೇನಿಂಗ್‌ಗೆ ಬೇಡ. ಬಾಗಿಲಿಗೆ ಬೀಗವಿಲ್ಲ, ಪರದೆ ಮಾತ್ರ. ಲಾಕರ್‌ನಲ್ಲಿ ದೊಡ್ಡ ಸೂಟ್‌ಕೇಸ್ ಹಿಡಿಯದು. ಹಲವು ಕಡೆ ಹಗಲು ಕ್ಲೀನಿಂಗ್‌ಗೆಂದು ಹೊರಗೆ ಕಳಿಸುತ್ತಾರೆ. ಪಕ್ಕದವರ ಗೊರಕೆಗೂ ನಿಮ್ಮ ಪ್ರೆಸೆಂಟೇಶನ್‌ಗೂ ಸಂಬಂಧ ಇದೆ, ಮರೆಯಬೇಡಿ.

9. ಒಂದು ದಿನ ಮುಂಚೆ ಇಳಿಯಿರಿ

ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದು. ಟೋಕಿಯೋದ ಬೆಳಗ್ಗೆ 9ರ ಇಂಟರ್‌ವ್ಯೂ ನಿಮ್ಮ ದೇಹಕ್ಕೆ ಬೆಳಗಿನ ಐದೂವರೆ. ಬೆಂಗಳೂರಿನಿಂದ ನರಿತಾಗೆ ನೇರ ವಿಮಾನ ಇದೆ ಎಂದುಕೊಂಡು ಇಳಿದ ದಿನವೇ ಮೀಟಿಂಗ್ ಇಟ್ಟುಕೊಳ್ಳಬೇಡಿ. ಒಂದು ರಾತ್ರಿಯ ಬಾಡಿಗೆ ಖರ್ಚಲ್ಲ, ಇನ್ವೆಸ್ಟ್‌ಮೆಂಟ್.

ಚೆಕ್-ಇನ್ ಸಾಮಾನ್ಯವಾಗಿ ಮಧ್ಯಾಹ್ನ 3ಕ್ಕೆ. 2.40ಕ್ಕೆ ಹೋಗಿ 'ಸ್ವಲ್ಪ ಅಡ್ಜಸ್ಟ್ ಮಾಡಿ' ಎಂದರೆ ನಗುನಗುತ್ತಲೇ ಆಗುವುದಿಲ್ಲ ಅನ್ನುತ್ತಾರೆ. ಬೆಳಗ್ಗೆಯೇ ತಲುಪಿದಿರಾ? ಲಗೇಜನ್ನು ರಿಸೆಪ್ಷನ್‌ನಲ್ಲಿ ಬಿಡಿ. ಬಹುತೇಕ ಕಡೆ ದುಡ್ಡಿಲ್ಲದೆ ಇಟ್ಟುಕೊಂಡು ಟೋಕನ್ ಕೊಡುತ್ತಾರೆ. ಆ ಹೊತ್ತಿನಲ್ಲಿ ಮರುದಿನ ಹೋಗಬೇಕಾದ ಆಫೀಸಿಗೆ ಒಮ್ಮೆ ಹೋಗಿ ಬನ್ನಿ. ಯಾವ ಪ್ಲಾಟ್‌ಫಾರ್ಮ್, ಯಾವ ಎಕ್ಸಿಟ್, ಎಷ್ಟು ನಿಮಿಷ, ಎಲ್ಲ ತಿಳಿಯುತ್ತದೆ. ಪಾಸ್‌ಪೋರ್ಟ್ ಸದಾ ಜೇಬಿನಲ್ಲಿರಲಿ. ವಿದೇಶಿ ಅತಿಥಿಗಳ ಪಾಸ್‌ಪೋರ್ಟ್ ಕಾಪಿ ತೆಗೆದುಕೊಳ್ಳುವುದು ಹೋಟೆಲಿನ ಕರ್ತವ್ಯ, ನಿಮ್ಮ ಮೇಲಿನ ಸಂಶಯವಲ್ಲ.

10. ಸೂಟ್‌ಕೇಸ್ ಅರ್ಧ ಖಾಲಿ ಮಾಡಿ

ನೈಟ್ ಡ್ರೆಸ್ ತರಬೇಡಿ, ಬಿಸಿನೆಸ್ ಹೋಟೆಲ್‌ನಲ್ಲಿ ಕೊಡುತ್ತಾರೆ. ಟವೆಲ್, ಶಾಂಪೂ, ಚಪ್ಪಲಿ ಕೂಡ. ಟೂತ್‌ಬ್ರಷ್, ರೇಜರ್, ಬಾಚಣಿಗೆ ಈಗ ಹಲವು ಕಡೆ ಲಾಬಿಯಲ್ಲೇ ಇಟ್ಟಿರುತ್ತಾರೆ, ಬೇಕಾದಷ್ಟೇ ತೆಗೆದುಕೊಂಡು ಮೇಲೆ ಹೋಗಬೇಕು. ನಾಲ್ಕು ಶರ್ಟ್ ಸಾಕು: ಹೋಟೆಲಿನ ಕಾಯಿನ್ ಲಾಂಡ್ರಿಯಲ್ಲಿ ಕೆಲವು ನೂರು ಯೆನ್‌ಗೆ ಒಗೆದು ಒಣಗಿಸಿಕೊಳ್ಳಬಹುದು. 100 ಯೆನ್ ನಾಣ್ಯಗಳನ್ನು ಕೂಡಿಡಿ. ಐರನ್ ಬಾಕ್ಸ್ ಕೇಳಿದರೆ ಕೊಡುತ್ತಾರೆ.

ಟೋಕಿಯೋ ಮುಗಿಸಿ ಒಸಾಕಾಗೆ ಹೋಗಬೇಕೇ? ದೊಡ್ಡ ಪೆಟ್ಟಿಗೆಯನ್ನು ರಿಸೆಪ್ಷನ್‌ನಲ್ಲಿ ಕೊಟ್ಟು 'ತಕ್ಕ್ಯುಬಿನ್' ಎನ್ನಿ. ಯಾಮಾತೊ ಕಂಪನಿ 1976ರಲ್ಲಿ ಶುರು ಮಾಡಿದ, ಕಪ್ಪು ಬೆಕ್ಕಿನ ಗುರುತಿನ ಪಾರ್ಸೆಲ್ ಸೇವೆ ಅದು. ಸಾಮಾನ್ಯವಾಗಿ ಮರುದಿನ ಪೆಟ್ಟಿಗೆ ಒಸಾಕಾ ಹೋಟೆಲ್‌ನಲ್ಲಿ ನಿಮಗಾಗಿ ಕಾದಿರುತ್ತದೆ. ಟೊಕೈಡೊ ಶಿಂಕನ್ಸೆನ್‌ನಲ್ಲಿ ಉದ್ದ, ಅಗಲ, ಎತ್ತರ ಕೂಡಿ 160 ಸೆಂ.ಮೀ. ದಾಟುವ ಲಗೇಜಿಗೆ ಮುಂಗಡ ರಿಸರ್ವೇಶನ್ ಬೇಕು; ಆ ತಲೆನೋವೂ ತಪ್ಪಿತು.

11. ಹೊಟ್ಟೆಯ ಪ್ಲಾನ್ ಮೊದಲೇ ಮಾಡಿ

ಇಲ್ಲೇ ನಮ್ಮವರು ಸೋಲುವುದು. ಬಜೆಟ್ ಹೋಟೆಲ್ ಹಿಡಿದು ಉಳಿಸಿದ್ದನ್ನೆಲ್ಲ ದಿನಾ ಇಂಡಿಯನ್ ರೆಸ್ಟೋರೆಂಟ್ ಹುಡುಕಿ ಕಳೆಯುತ್ತಾರೆ. ಸಸ್ಯಾಹಾರಿಗಳೇ, 'ವೆಜಿಟೇರಿಯನ್' ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ತರಕಾರಿಯಷ್ಟೇ ತೇಲುವ ಮಿಸೊ ಸೂಪಿಗೂ 'ದಾಶಿ' ಎಂಬ ಸಾರು ಹಾಕಿರುತ್ತಾರೆ. ಅದಕ್ಕೆ ಬಹಳ ಸಲ ಒಣಗಿಸಿದ ಬೊನಿಟೊ ಮೀನೇ ಆಧಾರ. ಮಾಂಸ, ಮೀನು, ಮೊಟ್ಟೆ, ದಾಶಿ ಬೇಡವೆಂದು ಜಪಾನಿಯಲ್ಲಿ ಬರೆದ ಚೀಟಿಯೊಂದನ್ನು ಫೋನಿನಲ್ಲಿಟ್ಟುಕೊಂಡು ತೋರಿಸಿ. ಡಾರ್ಮಿ ಇನ್ ರಾತ್ರಿ ಉಚಿತವಾಗಿ ಕೊಡುವ ಸಣ್ಣ ಬಟ್ಟಲಿನ ನೂಡಲ್ಸ್ ಮಾಂಸಾಹಾರಿಗಳಿಗೆ ಹಬ್ಬ, ನಿಮಗಲ್ಲ.

ನಿಮ್ಮ ದಾರಿ ಹೀಗಿರಲಿ. ಸೂಪರ್‌ಮಾರ್ಕೆಟ್‌ನಲ್ಲಿ 200 ಗ್ರಾಂ ಬಿಳಿ ಅನ್ನದ ಪ್ಯಾಕ್ ಸಿಗುತ್ತದೆ. ಮುಚ್ಚಳದ ಮೂಲೆ ಸ್ವಲ್ಪ ಬಿಚ್ಚಿ, ಹೋಟೆಲಿನ ಮೈಕ್ರೋವೇವ್‌ನಲ್ಲಿ ಎರಡು ನಿಮಿಷ ಇಟ್ಟರೆ ಹಬೆಯಾಡುವ ಅನ್ನ. ಅದೇ ಅಂಗಡಿಯ ಫ್ರಿಜ್‌ನಲ್ಲಿ 400 ಗ್ರಾಂ ಸಾದಾ ಯೋಗರ್ಟ್ ಡಬ್ಬಿ. ಸಕ್ಕರೆ ಬೆರೆಸಿದ್ದಲ್ಲ ಎಂದು ನೋಡಿ ತೆಗೆದುಕೊಳ್ಳಿ. ಅನ್ನ ಆರಿದ ಮೇಲೆ ಕಲಸಿ, ಊರಿಂದ ತಂದ ಮಿಡಿ ಉಪ್ಪಿನಕಾಯಿಯ ಒಂದು ಚೂರು. ಮೊಸರನ್ನ ರೆಡಿ, ನಾಳೆಯ ಪ್ರೆಸೆಂಟೇಶನ್‌ಗೆ ಹೊಟ್ಟೆ ತಣ್ಣಗೆ. ಅಲ್ಲಿನ ಅಕ್ಕಿ ಅಂಟಂಟು, ಸೋನಾ ಮಸೂರಿ ಹುಡುಕಬೇಡಿ. ಅವಲಕ್ಕಿ, ಚಟ್ನಿಪುಡಿ, ಬಿಸಿನೀರು ಸುರಿದರೆ ಆಗುವ ಉಪ್ಪಿಟ್ಟಿನ ಪ್ಯಾಕೆಟ್ ತನ್ನಿ; ರೂಮಿನ ಕೆಟಲ್ ಸಾಕು. ಹಸಿ ಕರಿಬೇವು, ಮಾವಿನಹಣ್ಣು, ಮಾಂಸದ ಪದಾರ್ಥ ತರಬೇಡಿ, ಕ್ವಾರಂಟೈನ್ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ. ರೂಮಿನಲ್ಲಿ ಒಗ್ಗರಣೆ ಸಾಹಸವಂತೂ ಬೇಡವೇ ಬೇಡ. ಸ್ಮೋಕ್ ಅಲಾರಂಗೆ ಇಂಗಿನ ರುಚಿ ಗೊತ್ತಿಲ್ಲ.

12. ಪ್ಲಗ್, ಸ್ನಾನ, ಟಾರ್ಚ್: ಮೂರನ್ನೂ ಮೊದಲ ರಾತ್ರಿಯೇ ನೋಡಿ

ಕರೆಂಟು 100 ವೋಲ್ಟ್, ಪಿನ್ನು ಚಪ್ಪಟೆ ಎರಡು. ನಮ್ಮ ಮೂರು ಪಿನ್ನಿನ ಲ್ಯಾಪ್‌ಟಾಪ್ ವೈರು ನೇರ ಹೋಗುವುದಿಲ್ಲ. ಅಡಾಪ್ಟರನ್ನು ಇಲ್ಲೇ ಕೊಂಡು ಹೋಗಿ. ಚಾರ್ಜರ್‌ಗಳು ಸಾಮಾನ್ಯವಾಗಿ 100-240 ವೋಲ್ಟಿಗೆ ಹೊಂದುತ್ತವೆ. 230 ವೋಲ್ಟಿನ ಹೇರ್ ಡ್ರೈಯರ್, ಸಣ್ಣ ಕುಕ್ಕರ್ ಮನೆಯಲ್ಲೇ ಇರಲಿ.

ಕೆಲವು ಹೋಟೆಲ್‌ಗಳಲ್ಲಿ ದೊಡ್ಡ ಸಾರ್ವಜನಿಕ ಸ್ನಾನದ ಕೊಳ ಇರುತ್ತದೆ, ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ. ಬಟ್ಟೆಯಿಲ್ಲದೆ ಇಳಿಯಬೇಕು. ಸಂಕೋಚವೇ? ಮೊದಲ ಐದು ನಿಮಿಷ ಮಾತ್ರ. ಹೊರಗೆ ಕೂತು ಸೋಪು ಹಚ್ಚಿ ತೊಳೆದುಕೊಂಡೇ ಕೊಳಕ್ಕೆ ಇಳಿಯಿರಿ, ಟವೆಲ್ ನೀರಿಗೆ ಅದ್ದಬೇಡಿ. ಟ್ಯಾಟೂ ಇದ್ದರೆ ನಿಯಮ ಕೇಳಿಕೊಳ್ಳಿ. ದಿನವಿಡೀ ನಡೆದ ಕಾಲಿಗೆ ಇದಕ್ಕಿಂತ ಒಳ್ಳೆಯ ಮದ್ದು ಆ ಬಾಡಿಗೆಯಲ್ಲಿ ಬೇರೆ ಸಿಗದು.

ಹಾಸಿಗೆ ಪಕ್ಕದ ಗೋಡೆಯಲ್ಲಿ ಪುಟ್ಟ ಟಾರ್ಚ್ ಇರುತ್ತದೆ. ಹಲವು ಕಡೆ ಕಿತ್ತ ಕೂಡಲೇ ತಾನೇ ಹೊತ್ತಿಕೊಳ್ಳುತ್ತದೆ. ಭೂಕಂಪದ ದೇಶ ಅದು. ಬಾಗಿಲ ಹಿಂದಿನ ನಕ್ಷೆಯಲ್ಲಿ ತುರ್ತು ದಾರಿ ನೋಡಿ, ಒಮ್ಮೆ ಅಲ್ಲಿವರೆಗೆ ನಡೆದು ಬನ್ನಿ, ಆಮೇಲೆ ಮಲಗಿ.

13. ಕೊನೆಯ ರೈಲು ಮತ್ತು 10 ಗಂಟೆಯ ಚೆಕ್-ಔಟ್: ಎರಡಕ್ಕೂ ಅಲಾರಂ ಇಡಿ

ಟೋಕಿಯೋ ರೈಲುಗಳು ರಾತ್ರಿಯಿಡೀ ಓಡುವುದಿಲ್ಲ. ಮಧ್ಯರಾತ್ರಿ ದಾಟುತ್ತಿದ್ದಂತೆ ನಿಂತು ಬೆಳಗಿನ 5ರ ಸುಮಾರಿಗೆ ಮತ್ತೆ ಶುರು. ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಟ್ಯಾಕ್ಸಿಗೆ ಶೇ. 20 ಹೆಚ್ಚು. ಬಾಸ್ ಎರಡನೇ ಪಾರ್ಟಿಗೆ ಎಳೆದರೂ ಕೊನೆಯ ರೈಲಿನ ಟೈಮ್ ಹೇಳಿ ಎದ್ದುಬಿಡಿ. ಜಪಾನಿ ಸಹೋದ್ಯೋಗಿಗಳಿಗೆ ಇದಕ್ಕಿಂತ ಅರ್ಥವಾಗುವ ಕಾರಣ ಇನ್ನೊಂದಿಲ್ಲ.

ಚೆಕ್-ಔಟ್ ಬಹುಪಾಲು ಬೆಳಗ್ಗೆ 10ಕ್ಕೆ. ತಡವಾದರೆ ಹೆಚ್ಚುವರಿ ಬಿಲ್ ಬರಬಹುದು. 9.30ಕ್ಕೆ ಚಾರ್ಜರ್, ಫ್ರಿಜ್‌ನಲ್ಲಿಟ್ಟ ಯೋಗರ್ಟ್, ಬಾಗಿಲ ಹಿಂದಿನ ಕೋಟು ಚೆಕ್ ಮಾಡಿ, ಕೀ ಕಾರ್ಡನ್ನು ಕೆಳಗಿನ ಪೆಟ್ಟಿಗೆಗೆ ಹಾಕಿ. ಫ್ಲೈಟ್ ರಾತ್ರಿಯಿದ್ದರೆ ಲಗೇಜನ್ನು ಮತ್ತೆ ರಿಸೆಪ್ಷನ್‌ನಲ್ಲೇ ಬಿಟ್ಟು ಹೋಗಿ. ಸಂಜೆ ಟೋಕನ್ ತೋರಿಸಿದರೆ ಕೊಡುತ್ತಾರೆ. ಅದೇ ಚೈನ್‌ನ ಮೆಂಬರ್‌ಶಿಪ್ ಕಾರ್ಡ್‌ಗೆ ಹೊರಡುವ ಮುಂಚೆಯೇ ಫಾರಂ ತುಂಬಿಬಿಡಿ, ಮುಂದಿನ ಬುಕಿಂಗ್‌ಗೆ ರಿಯಾಯಿತಿ ಸಿಗುತ್ತದೆ.